ಹುಳುಮನೆಯ ಹಸಿರು ದೀಪ

ಹತ್ತಿಮರದೊಡ್ಡಿ, ಅಂಚೆಟ್ಟಿ ದಾರಿ
14 ಆಗಸ್ಟ್ 2005

ಹೊಸೂರು ಸಂಸ್ಥಾನದ ಪ್ಯಾನಲ್‌ಬೋರ್ಡ್ ಚಕ್ರವರ್ತಿ ಶ್ರೀಮಾನ್ ಶಶಿಕುಮಾರರ ಸನ್ನಿಧಾನಕ್ಕೆ,

ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಲ್ಲಿ ಹೊಡೆಸಿಕೊಂಡ ಪಾಪಯ್ಯನ ವಿಜ್ಞಾಪನೆ. ಫೋನ್ ಮಾಡಬಾರದೇ ಎಂದು ಕೇಳಬೇಡ. ನಮ್ಮೂರಲ್ಲಿ ಟವರ್ ಸಿಗಬೇಕಾದರೆ ಮಾರಮ್ಮನ ಬಂಡೆ ಹತ್ತಬೇಕು. ಹತ್ತಿದ ಮೇಲೆ ಟವರ್ ಸಿಗುತ್ತದೆ, ಮಾತಾಡಲು ಉಸಿರು ಸಿಗುವುದಿಲ್ಲ. ಹಾಗಾಗಿ ಕಾಗದ.

ವಿಷಯ ನನ್ನ ಹುಳುಮನೆಯದು. ಫ್ಯಾಕ್ಟರಿ ಹೊಗೆ ಕುಡಿದು ನೀನು ಮರೆತಿರಬಹುದು, ಮೊದಲಿನಿಂದ ಹೇಳುತ್ತೇನೆ. ರೇಷ್ಮೆಮೊಟ್ಟೆ ಒಡೆದು ಬರುವ ಹುಳು ಇರುವೆಗಿಂತ ಸಣ್ಣದು. ಅದಕ್ಕೆ ಎಳೆಸೊಪ್ಪು ತಿನ್ನಿಸಿ, ಎರಡು ಜ್ವರ ದಾಟಿಸಿ, ಸುತ್ತಲಿನ ರೈತರ ಕೈಗೆ ಒಪ್ಪಿಸುವುದು ನನ್ನ ಕಸುಬು. ಆ ಎಳೆಹುಳುವಿಗೆ ಬಾಣಂತಿಗಿಂತ ಹೆಚ್ಚು ಉಪಚಾರ ಬೇಕು. ಮನೆ ಬೆಚ್ಚಗಿರಬೇಕು, ಗಾಳಿಯಲ್ಲಿ ತೇವ ಇರಬೇಕು. ಬಿಸಿಗೆ ಇದ್ದಿಲ ಒಲೆ ಇಡುತ್ತೇವೆ. ಒಲೆ ಇಟ್ಟರೆ ಗಾಳಿ ಒಣಗುತ್ತದೆ. ಒಣಗಿದರೆ ಗೋಣಿತಾಟು ನೆನೆಸಿ ಕಟ್ಟುತ್ತೇವೆ. ಕಟ್ಟಿದರೆ ಮನೆ ತಣ್ಣಗಾಗುತ್ತದೆ. ಮತ್ತೆ ಒಲೆ. ಇದೇ ನನ್ನ ಸಂಸಾರ. ಗಂಗರತ್ನ ಹೇಳುತ್ತಾಳೆ: “ಹೆತ್ತ ಮಕ್ಕಳ್ಗೂ ಇಷ್ಟು ಕಾವು ಕೊಟ್ಟಿರ್ನಿಲ್ಲ ನೀವು.”

ಇಷ್ಟೆಲ್ಲ ಯಾಕೆಂದರೆ, ರೈತರು ನನ್ನ ಬಾಗಿಲಿಗೆ ಬರುವುದು ಹುಳುವಿಗಾಗಿ ಅಲ್ಲ. ಹುಳು ಬೇರೆ ಕಡೆಯೂ ಸಿಗುತ್ತದೆ. “ಪಾಪಣ್ಣನ ಕೈ ಬಿದ್ದ ಹುಳ ಸೊರಗಲ್ಲ” ಎಂದು ಒಂದು ಮಾತಿದೆ, ಅದಕ್ಕಾಗಿ ಬರುತ್ತಾರೆ. ನನ್ನ ಆಸ್ತಿ ಅಂತ ಇರುವುದು ಈ ಕೈಗುಣವೊಂದೇ. ಆ ಕೈಗೆ ಈಗ ವಯಸ್ಸಾಗುತ್ತಿದೆ. ಕೈಗೆ ನೆರವಾಗುವ ಒಂದು ಯಂತ್ರ ಮಾಡಿಕೊಡು. ಕೈಯ ಬದಲಿಗಲ್ಲ, ನೆರವಿಗೆ.

ಚಕ್ರವರ್ತಿಗಳ ಉತ್ತರ ಕಾಯುತ್ತಿರುವ
ಪಾಪಯ್ಯ

*

ಹೊಸೂರು
2 ಸೆಪ್ಟೆಂಬರ್ 2005

ಗೆಳೆಯ ಪಾಪಯ್ಯ,

ನಿನ್ನ ಕಾಗದ ಓದಿ ನಕ್ಕೆ, ಮನೆಯಲ್ಲಿ ಶ್ರೀವಿದ್ಯಾಗೂ ಓದಿ ಹೇಳಿದೆ. ಅವಳು “ನಿಮ್ಮ ಗೆಳೆಯರು ಹುಳ ಸಾಕೋದು ಬಿಟ್ಟು ಪೇಪರಿಗೆ ಬರೀಬಾರ್ದಾ” ಅಂದಳು.

ದಾರಿಗಳು ಮೂರಿವೆ. ಮೊದಲನೆಯದು ನೀನು ಈಗ ಮಾಡುತ್ತಿರುವುದು. ಅದನ್ನು ಬಿಡು.

ಎರಡನೆಯದು ಎರಡು ಸ್ವಿಚ್. ತಣ್ಣಗಾದರೆ ಹೀಟರ್ ಹಾಕುವುದು ಒಂದು, ಒಣಗಿದರೆ ಮಂಜು ಚಿಮುಕಿಸುವುದು ಇನ್ನೊಂದು. ಸುಲಭ. ಆದರೆ ಅವು ಒಂದೇ ಅಡಿಗೆಮನೆಗೆ ಬಿದ್ದ ವಾರಗಿತ್ತಿಯರು. ಇವಳು ಬಿಸಿ ಏರಿಸಿದರೆ ಗಾಳಿ ಒಣಗಿತೆಂದು ಅವಳು ನೀರು ಚಿಮುಕಿಸುತ್ತಾಳೆ. ಅವಳು ಚಿಮುಕಿಸಿದರೆ ಮನೆ ತಣ್ಣಗಾಯಿತೆಂದು ಇವಳು ಬೆಂಕಿ ಹಾಕುತ್ತಾಳೆ. ದಿನವಿಡೀ ಜಗಳ, ಹುಳುವಿಗೆ ಒಂದು ಗಳಿಗೆ ನೆಮ್ಮದಿ ಇಲ್ಲ.

ಮೂರನೆಯದು ನನ್ನದು. ಇಬ್ಬರ ಮೇಲೂ ಒಬ್ಬ ಯಜಮಾನ. ಇವನು ಥಟ್ಟನೆ ಹಾಕಿ ಥಟ್ಟನೆ ಆರಿಸುವುದಿಲ್ಲ. ಎಷ್ಟು ಕೊರತೆ ಇದೆಯೋ ನೋಡಿ ಅಷ್ಟೇ ಕೊಡುತ್ತಾನೆ, ಹದ ಹತ್ತಿರ ಬಂದಂತೆ ಕೈ ಹಿಡಿಯುತ್ತಾನೆ. ಬಿಸಿ ಏರಿಸುವಾಗಲೇ ಗಾಳಿ ಒಣಗಲಿದೆ ಎಂದು ತಿಳಿದು ಒಂದಿಷ್ಟು ಮಂಜನ್ನೂ ಬಿಡುತ್ತಾನೆ. ಬಿಸಿ, ತೇವ ಎರಡೂ ಗೆರೆ ಎಳೆದಂತೆ ನಿಲ್ಲುತ್ತವೆ. ಒಂದೇ ಷರತ್ತು: ಅವನ ಕೆಲಸದಲ್ಲಿ ಯಾರೂ ಕೈ ಹಾಕಬಾರದು.

ಯಾವುದು ಬೇಕು ಹೇಳು.

ಅತ್ತಿಗೆಗೆ ನಮಸ್ಕಾರ.
ಶಶಿ

*

ಹತ್ತಿಮರದೊಡ್ಡಿ
11 ಸೆಪ್ಟೆಂಬರ್ 2005

ಚಕ್ರವರ್ತಿಗಳೇ,

ವಾರಗಿತ್ತಿಯರ ಮಾತು ಗಂಗರತ್ನಳಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. ಅವಳಿಗೆ ನಿಜವಾದ ವಾರಗಿತ್ತಿ ಇದ್ದಾಳೆ.

ಮೂರನೆಯದೇ ಇರಲಿ. ಆದರೆ ನಿನ್ನ ಯಜಮಾನ ಎಷ್ಟೇ ಓದಿದವನಾದರೂ ಅವನಿಗೆ ಜ್ವರ ಗೊತ್ತಿಲ್ಲ. ಹುಳು ಮೈಚರ್ಮ ಬಿಡುವ ಮುಂಚೆ ಮೇವು ಬಿಡುತ್ತದೆ, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ವಿಧಾನಸಭೆಯಲ್ಲಿ ನಿದ್ದೆ ಮಾಡುವವರು ಈ ಭಂಗಿಯನ್ನು ಇವುಗಳಿಂದಲೇ ಕಲಿತಿರಬೇಕು. ನಾವು ಇದನ್ನು ಜ್ವರ ಎನ್ನುತ್ತೇವೆ. ಅಲ್ಲಿಯವರೆಗೆ ತೇವ ಬೇಡಿದ ಹುಳುವಿಗೆ ಆಗ ಒಣಗಾಳಿ ಬೇಕು. ತೇವ ಉಳಿದರೆ ಹಳೆಯ ಚರ್ಮ ಮೈಗಂಟಿಕೊಳ್ಳುತ್ತದೆ, ಮುಂದೆ ರೈತನ ಮನೆಯಲ್ಲಿ ಸುಣ್ಣಕಟ್ಟು ಬರುತ್ತದೆ. ಹುಳು ಬಿಳಿ ಬಳಪವಾಗಿ ಸೆಟೆದು ಸಾಯುತ್ತದೆ.

ಜ್ವರ ಯಾವಾಗ ಬಂತು ಅಂತ ಗಡಿಯಾರ ಹೇಳುವುದಿಲ್ಲ, ಹುಳುವನ್ನು ನೋಡಿದವನು ಹೇಳಬೇಕು. ಆದ್ದರಿಂದ ಪೆಟ್ಟಿಗೆಯ ಮುಂದೆ ನನಗೊಂದು ನಾಬು ಇಡು. ಒಂದು ಕಡೆ ತಿರುಗಿಸಿದರೆ ತೇವ, ಇನ್ನೊಂದು ಕಡೆ ಒಣ. ಯಜಮಾನನೂ ಇರಲಿ, ಮನೆಯಲ್ಲಿ ಹಿರಿಯರು ಅಂತ ನಾನೂ ಇರುತ್ತೇನೆ.

ನಾಬಾಕಾಂಕ್ಷಿ
ಪಾಪಯ್ಯ

*

ಹತ್ತಿಮರದೊಡ್ಡಿ
20 ಫೆಬ್ರವರಿ 2006

ಶಶಿ,

ನೀನು ಬಂದು ಪೆಟ್ಟಿಗೆ ಕೂರಿಸಿ ಹೋದ ಮೇಲೆ ಊರಿನಲ್ಲಿ ನನ್ನ ನಡಿಗೆಯೇ ಬದಲಾಗಿದೆ. ಗಂಗರತ್ನ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟಿದ್ದಾಳೆ. ಊದುಬತ್ತಿ ಹಚ್ಚಲು ಹೋಗಿದ್ದಳು, ಹುಳುವಿಗೆ ಆಗದು ಎಂದು ತಡೆದೆ. ದೇವರಾದರೂ ಹುಳುಮನೆಯಲ್ಲಿ ವಾಸನೆ ಇಲ್ಲದೆ ಇರಬೇಕು.

ಗೋಡೆಯಲ್ಲಿದ್ದ ನನ್ನ ಹಳೆಯ ಥರ್ಮಾಮೀಟರನ್ನು ನೀನು “ಒಂದ್ ಮನೆಗೆ ಇಬ್ರು ಯಜಮಾನ್ರು ಬ್ಯಾಡ ಕಣ್ಲಾ” ಎಂದು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡಾಗ ಸ್ವಲ್ಪ ಸಂಕಟವಾಯಿತು. ಈಗ ಇಲ್ಲ. ಆ ನಾಬಿನ ಸುಖವೇ ಬೇರೆ. ಜ್ವರ ಬಂದೊಡನೆ ಒಣದ ಕಡೆಗೆ ತಿರುಗಿಸುತ್ತೇನೆ, ಹಸಿರು ದೀಪ ಹತ್ತುತ್ತದೆ. ಅದನ್ನು ನೋಡಿದರೆ ಇಡೀ ಅಂಚೆಟ್ಟಿ ಕಾಡೇ ನನ್ನ ಮಾತು ಕೇಳುತ್ತಿದೆ ಅನಿಸುತ್ತದೆ. ಹಳೆ ಅಭ್ಯಾಸ, ಕಿಟಕಿಗಳನ್ನೂ ತೆರೆದಿಟ್ಟಿದ್ದೆ. ಹೊರಗೆ ಮಾಘದ ಒಣಗಾಳಿ. ಹುಳು ಒಟ್ಟಿಗೇ ಜ್ವರದಿಂದ ಎದ್ದವು. ತಿಮ್ಮರಾಯಪ್ಪ ಗೊತ್ತಲ್ಲ, ನನ್ನ ಹಳೆಯ ರೈತ, ಪಕ್ಕದೂರಿನವನು? ಅವನ ಮನೆಯಲ್ಲಿ ಗೂಡು ತೂಗುವಾಗ ತಕ್ಕಡಿಯೇ ನಾಚಿತಂತೆ.

ನೀನು ತೆಗೆದ ಫೋಟೋ ಏನಾಯಿತು? “ಕೈ ನಾಬಿನ್ ಮೇಲಿಡ್ಲಾ, ಇನ್ನೂ ಸ್ವಲ್ಪ ನಗ್ಲಾ” ಎಂದು ಅಷ್ಟು ಹೊತ್ತು ನಿಲ್ಲಿಸಿದ್ದೆ. ಮದುವೆಯಲ್ಲೂ ನಾನು ಅಷ್ಟು ನಕ್ಕಿರಲಿಲ್ಲ.

ನಿನ್ನ
ಪಾಪಯ್ಯ

*

ಹೊಸೂರು
10 ಮಾರ್ಚ್ 2006

ಪಾಪಯ್ಯ,

ಇದರ ಜೊತೆ ಕರಪತ್ರ ಇಟ್ಟಿದ್ದೇನೆ. ಕನ್ನಡದಲ್ಲೂ ತಮಿಳಿನಲ್ಲೂ ಇದೆ. ನಿನ್ನ ಫೋಟೋ ಮಧ್ಯದಲ್ಲಿ, ಕೆಳಗೆ “ನಿಯಂತ್ರಣ ನಿಮ್ಮ ಕೈಯಲ್ಲಿ” ಅಂತ ಹಾಕಿಸಿದೆ. ಸೂಳಗಿರಿಯಲ್ಲಿ ಅಣಬೆ ಬೆಳೆಯುವವರೊಬ್ಬರು ನಿನ್ನ ಹಲ್ಲು ನೋಡಿಯೇ ಒಪ್ಪಿಕೊಂಡರು. ಕೃಷ್ಣಗಿರಿಯಿಂದಲೂ ವಿಚಾರಣೆ ಬಂದಿದೆ. ಎಲ್ಲ ನಿನ್ನ ಕೈಗುಣ.

ಅವಸರದಲ್ಲಿ,
ಶಶಿ

*

ಹತ್ತಿಮರದೊಡ್ಡಿ
30 ಜುಲೈ 2006

ಶಶಿ,

ಸೋನೆಮಳೆ ಬಿಟ್ಟಿಲ್ಲ. ಹಾಸಿಗೆ, ಬೆಂಕಿಕಡ್ಡಿ, ಮನುಷ್ಯರು ಎಲ್ಲ ಮೆತ್ತಗಾಗಿದ್ದಾರೆ. ನನ್ನ ಹಾಸ್ಯಕ್ಕೂ ಬೂಸಲು ಹಿಡಿದಿದೆ, ಸಹಿಸಿಕೋ.

ಈ ಸಲದ ಹುಳು ಹೋಯಿತು. ನನ್ನ ಮನೆಯಲ್ಲಲ್ಲ, ತೆಗೆದುಕೊಂಡು ಹೋದವರ ಮನೆಗಳಲ್ಲಿ. ಒಬ್ಬರದೂ ಉಳಿಯಲಿಲ್ಲ. ಸುಣ್ಣಕಟ್ಟು. ತಿಮ್ಮರಾಯಪ್ಪನ ಹೆಂಡತಿ ರಾಮಕ್ಕ ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿ ತಂದು ನನ್ನ ಜಗಲಿಯ ಮೇಲಿಟ್ಟಳು. ಬೈಯಲಿಲ್ಲ. “ನೋಡ್ಕೊಳಪ್ಪ” ಅಂದಳು, ಅಷ್ಟೇ. ಅವು ಮೊರದಲ್ಲಿ ಬಳಪದ ಚೂರುಗಳ ಹಾಗೆ ಸದ್ದು ಮಾಡಿದವು.

ತಿಮ್ಮರಾಯಪ್ಪ ಕೇಳಿದ: “ಜ್ವರದಾಗೆ ಮನೆ ಒಣಗಿಸ್ದ್ಯಾ ಪಾಪಣ್ಣ? ನಿಜ ಯೋಳು.”

“ಈ ಕೈಯಾರೆ ಒಣಗ್ಸಿವ್ನಿ. ನಮ್ಮಪ್ಪನಾಣೆ” ಎಂದೆ.

ಆಣೆಯಲ್ಲಿ ಸುಳ್ಳಿಲ್ಲ ಶಶಿ. ಮಳೆಗೆಂದು ಕಿಟಕಿ ಮುಚ್ಚಿದ್ದೆ, ನಾಬನ್ನು ಒಣದ ಕಡೆ ಕೊನೆಯವರೆಗೂ ತಿರುಗಿಸಿದ್ದೆ. ಗಂಗರತ್ನ ಒಳಗೆ ಬಂದವಳು ತೋಳು ಸವರಿಕೊಂಡು “ಯಾಕೋ ಮೈಯೆಲ್ಲ ಅಂಟಂಟು ಅಂತೈತೆ” ಎಂದಳು. ನಾನು ಹಸಿರು ದೀಪ ತೋರಿಸಿದೆ. “ಉರೀತಿಲ್ವಾ? ಯಂತ್ರಕ್ಕಿಂತ ನಿನ್ ಚರ್ಮ ಹೆಚ್ಚು ಓದೈತಾ?” ಎಂದು ಗೇಲಿ ಮಾಡಿದೆ.

ಯಂತ್ರದಲ್ಲಿ ಏನಾದರೂ ಕೆಟ್ಟಿರಬಹುದೇ? ಒಮ್ಮೆ ಬಂದು ನೋಡು.

ಪಾಪಯ್ಯ

*

ಹೊಸೂರು
9 ಆಗಸ್ಟ್ 2006

ಪಾಪಯ್ಯ,

ಓದಿ ಬೇಜಾರಾಯಿತು. ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ. ಸೊಪ್ಪು ನೆನೆದಿತ್ತೇನೋ, ಮೊಟ್ಟೆಯಲ್ಲೇ ದೋಷ ಇತ್ತೇನೋ, ರೈತರು ಮನೆ ತೊಳೆದಿರಲಿಲ್ಲವೇನೋ. ನೀನು ಹೇಳಿದಂತೆ ದೀಪ ಹತ್ತುತ್ತಿದ್ದರೆ ಯಂತ್ರ ಸರಿ ಇದೆ ಅಂತಲೇ ಅರ್ಥ.

ಈ ತಿಂಗಳು ಸೂಳಗಿರಿ ಕೆಲಸದಲ್ಲಿ ಸಿಕ್ಕಿಕೊಂಡಿದ್ದೇನೆ. ಯಾವ ಕಾರಣಕ್ಕೂ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡ. ಕರೆಂಟು ಹೊಡೆಯುತ್ತದೆ. ನಿನ್ನ ಮೇಲಿನ ಕಾಳಜಿಯಿಂದ ಹೇಳುತ್ತಿದ್ದೇನೆ.

ಶಶಿ

*

ಹತ್ತಿಮರದೊಡ್ಡಿ
17 ಆಗಸ್ಟ್ 2006

ಮಹಾರಾಜ ರಾಜಶ್ರೀ ಶಶಿಕುಮಾರರಿಗೆ,

ಕರೆಂಟು ಹೊಡೆಯಲಿಲ್ಲ. ಇ.ಬಿ.ಯವರು ಅವತ್ತು ಮಧ್ಯಾಹ್ನ ಕರೆಂಟು ತೆಗೆದಿದ್ದರು, ಅವರ ಸಂತಾನ ಬೆಳೆಯಲಿ. ಮುಚ್ಚಳ ಬಿಚ್ಚಿದೆ.

ನಾಬಿನ ಹಿಂದೆ ಎರಡೇ ಎರಡು ತಂತಿ. ಬೆರಳಿಟ್ಟು ಹಿಂಬಾಲಿಸಿದೆ. ಎರಡೂ ನೆಟ್ಟಗೆ ಹಸಿರು ದೀಪಕ್ಕೆ ಹೋಗಿವೆ. ಬೇರೆ ಎಲ್ಲಿಗೂ ಇಲ್ಲ. ಹೀಟರಿಗಿಲ್ಲ, ಮಂಜಿಗಿಲ್ಲ, ನಿನ್ನ ಆ ಘನವಂತ ಯಜಮಾನನಿಗಂತೂ ಇಲ್ಲವೇ ಇಲ್ಲ. ನಾನು ತಿರುಗಿಸಿದರೆ ದೀಪ ಹತ್ತುತ್ತದೆ. ತಿರುಗಿಸಿದ್ದಕ್ಕೆ ಅದೊಂದೇ ಫಲ. ತೇವವನ್ನು ಎಂಬತ್ತೈದಕ್ಕೆ ನಿಲ್ಲಿಸುವ ತಿರುಪು ಒಳಗೆ ಬೇರೆ ಇದೆ, ಅದು ಅಲುಗದ ಹಾಗೆ ಮೇಲೆ ಕೆಂಪು ಬಣ್ಣ ಸುರಿದಿದ್ದೀಯ. ನಾನು ಹೊರಗೆ ಒಣಗಿಸುತ್ತಾ ನಿಂತಿದ್ದಾಗ ಅದು ಒಳಗೆ ನಿಷ್ಠೆಯಿಂದ ಮಂಜು ಬಿಡುತ್ತಿತ್ತು. ಮಾಘದಲ್ಲಿ ನನ್ನನ್ನು ಕಾಪಾಡಿದ್ದು ತೆರೆದ ಕಿಟಕಿ. ನಾನು ನಿನ್ನನ್ನು ಹೊಗಳಿ ಕಾಗದ ಬರೆದೆ.

ಬಸ್ಸಿನಲ್ಲಿ ಮಕ್ಕಳನ್ನು ಸುಮ್ಮನಿರಿಸಲು ಆಟದ ಸ್ಟೇರಿಂಗ್ ಕೊಡುತ್ತಾರೆ. ಮಗು ಬುರ್ ಎಂದು ತಿರುಗಿಸುತ್ತದೆ, ಬಸ್ಸನ್ನು ತಾನೇ ಓಡಿಸಿದೆ ಎಂದುಕೊಳ್ಳುತ್ತದೆ. ಮಗುವಿನ ಹೆಸರು ಹೇಳಿ ಯಾರೂ ಟಿಕೆಟ್ ಕೊಳ್ಳುವುದಿಲ್ಲ ನೋಡು. ನನ್ನ ಹೆಸರು ಹೇಳಿ ಹುಳು ಕೊಂಡರು.

ಫೋಟೋ ತೆಗೆಯುವಾಗ ನಿನಗೆ ಗೊತ್ತಿತ್ತು. ಅದನ್ನು ಯೋಚಿಸುತ್ತಾ ಕೂತಿದ್ದೇನೆ. “ಇನ್ನೂ ಸ್ವಲ್ಪ ನಗ್ಲಾ” ಅಂದಾಗ ಗೊತ್ತಿತ್ತು.

ಪಾಪಯ್ಯ

*

ಹೊಸೂರು
5 ಸೆಪ್ಟೆಂಬರ್ 2006

ಪಾಪಯ್ಯ,

ಸಿಟ್ಟು ಮಾಡಿಕೊಂಡಿದ್ದೀಯ. ನನ್ನ ಮಾತನ್ನೂ ಕೇಳು.

ಎಷ್ಟೋ ಕಡೆ ಪೆಟ್ಟಿಗೆ ಕೂರಿಸಿದ್ದೇನೆ. ನಿಜವಾದ ನಾಬು ಕೊಟ್ಟಲ್ಲೆಲ್ಲ ಜನ ಅದನ್ನು ತಿರುಗಿಸಿ ತಿರುಗಿಸಿ ಯಂತ್ರವನ್ನು ಹುಚ್ಚು ಹಿಡಿಸಿದ್ದಾರೆ. ಒಬ್ಬ ಚಳಿ ಅನ್ನುತ್ತಾನೆ, ಇನ್ನೊಬ್ಬ ಸೆಕೆ ಅನ್ನುತ್ತಾನೆ. ನಾಬು ಕೊಡದಿದ್ದರೆ ಪೆಟ್ಟಿಗೆಯೇ ಬೇಡ ಅನ್ನುತ್ತಾರೆ. ದೀಪಕ್ಕೆ ಮಾತ್ರ ಕೊಟ್ಟರೆ ಅವರಿಗೂ ಸಮಾಧಾನ, ಯಂತ್ರಕ್ಕೂ ಸಮಾಧಾನ. ಯಾರಿಗೂ ಇದುವರೆಗೆ ತೊಂದರೆಯಾಗಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡಿದೆ.

ಜ್ವರದ ವಿಷಯ ನೀನು ಬರೆದಿದ್ದೆ, ನಿಜ. ಓದಿದ್ದೆ. ಅದರ ಪಕ್ಕದಲ್ಲೇ ವಿಧಾನಸಭೆಯಲ್ಲಿ ನಿದ್ದೆ ಮಾಡುವವರು ಅಂತ ಏನೋ ಬರೆದಿದ್ದೆ. ಅದೂ ನಿನ್ನ ತಮಾಷೆ ಅಂದುಕೊಂಡೆ. ನೀನು ಬರೆದದ್ದರಲ್ಲಿ ಯಾವುದು ಹಾಸ್ಯ, ಯಾವುದು ನಿಜ ಅಂತ ನನಗೆ ಯಾವತ್ತು ಗೊತ್ತಾಗಿದೆ ಹೇಳು?

ಹೊಸ ಪೆಟ್ಟಿಗೆ ಮಾಡಿಕೊಡುತ್ತೇನೆ, ನಾಬು ನಿಜವಾದದ್ದೇ ಇರುತ್ತದೆ. ಈ ವಿಷಯ ಸೂಳಗಿರಿಯವರ ಕಿವಿಗೆ ಬೀಳದಿರಲಿ.

ಶಶಿ

*

ಹತ್ತಿಮರದೊಡ್ಡಿ
12 ಸೆಪ್ಟೆಂಬರ್ 2006

ಶಶಿ,

ಈ ಕಾಗದದಲ್ಲಿ ತಮಾಷೆ ಇಲ್ಲ. ಹುಡುಕಬೇಡ.

ಹೊಸ ಪೆಟ್ಟಿಗೆ ಬೇಡ. ನಾನು ಅಪ್ಪನ ಆಣೆ ಇಟ್ಟು ಹೇಳಿದ ಮಾತು ಸುಳ್ಳಾಗಿ ನಿಂತಿದೆ. ಬೇಸಾಯದವರು ಬೇಗ ಮರೆಯುವುದಿಲ್ಲ. ಈಗ ಯಾರೂ ನನ್ನ ಮನೆಯಿಂದ ಹುಳು ಕೇಳುತ್ತಿಲ್ಲ. ನೀನು ಬಾ. ತಿಮ್ಮರಾಯಪ್ಪನ ಜಗಲಿಯಲ್ಲಿ ಕೂತು ನಿನ್ನ ಬಾಯಲ್ಲಿ ಒಂದು ಮಾತು ಹೇಳು: “ಪಾಪಯ್ಯ ತಿರುಗಿಸಿದ್ದು ನಿಜ, ಅದು ತಿರುಗದ ಹಾಗೆ ಮಾಡಿದ್ದು ನಾನು.” ಸೂಳಗಿರಿಗೆ ನಾನು ಹೋಗಿ ಹೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು. ನನಗೆ ಈ ಒಂದು ಜಗಲಿ ಸಾಕು.

ಪಾಪಯ್ಯ

*

ಹತ್ತಿಮರದೊಡ್ಡಿ
26 ನವೆಂಬರ್ 2006

ಶಶಿ,

ನೀನು ಬಂದೆ. ಡೆಂಕಣಿಕೋಟೆಯಲ್ಲಿ ಬಸ್ಸು ತಪ್ಪಿ, ಲಾರಿ ಹಿಡಿದು, ಧೂಳು ಮೆತ್ತಿಕೊಂಡು ಬಂದೆ. ನಿನ್ನನ್ನು ನೋಡಿ ನನ್ನ ಅರ್ಧ ಸಿಟ್ಟು ಇಳಿಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಮುಂದೆ ನಡೆದದ್ದನ್ನು ನೀನು ಬಲ್ಲೆ. ಅದು ನನ್ನ ಕಡೆಯಿಂದ ಹೇಗೆ ಕಂಡಿತು ಎನ್ನುವುದನ್ನು ಬರೆಯುತ್ತೇನೆ.

ತಿಮ್ಮರಾಯಪ್ಪನ ಜಗಲಿಯಲ್ಲಿ ನಾಲ್ಕಾರು ರೈತರು ಸೇರಿದ್ದರು. ರಾಮಕ್ಕ ಕಾಫಿ ಕೊಟ್ಟಳು. ನೀನು ಲೋಟ ಕೆಳಗಿಟ್ಟು, ನನ್ನ ಹೆಗಲ ಮೇಲೆ ಕೈ ಹಾಕಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಹೇಳಿದೆ:

“ತಪ್ಪು ಯಾರ್‍ದೂ ಅಲ್ಲ ತಿಮ್ಮರಾಯಪ್ಪನೋರೆ. ನಮ್ ಪಾಪಯ್ಯ ನಾಬ್‌ನ ಉಲ್ಟಾ ತಿರುಗ್ಸಿಬುಟ್ಟವ್ನೆ. ಒಣಗ್ಸೋಕೋಗಿ ನೆನ್ಸವ್ನೆ. ಫ್ಯಾಕ್ಟ್ರಿಯಾಗೆ ಇಂಜಿನಿಯರ್‌ಗಳೇ ಮಾಡ್ತಾರೆ ಇಂಥವ. ಮನಸ್ಸಿಗ್ ಹಾಕ್ಕೊಬ್ಯಾಡಿ.”

ಮೊದಲು ತಿಮ್ಮರಾಯಪ್ಪ ನಕ್ಕ. ಎಲ್ಲರೂ ನಕ್ಕರು. “ಅಯ್ಯೋ ಪಾಪಣ್ಣ, ಅಷ್ಟೇನಾ? ಎಡ ಬಲ ಗೊತ್ತಾಗ್ನಿಲ್ವಾ ನಿಂಗೆ?” ಅವರಿಗೆ ಎಷ್ಟು ಹಗುರವಾಯಿತು ಎಂದರೆ, ಅವರ ನಗುವನ್ನು ನಿಲ್ಲಿಸಲು ನನ್ನ ನಾಲಿಗೆ ಏಳಲಿಲ್ಲ. ನಿನ್ನ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಅದು ಒಂದು ಸಲ ಒತ್ತಿತು.

ಬಸ್ಸಿಗೆ ಬಿಡಲು ಬಂದಾಗ ನೀನೇ ಹೇಳಿದೆ: “ಸರಿಹೋಯ್ತಲ್ಲ ಬಿಡ್ಲಾ. ತಪ್ಪಾಗಿ ತಿರುಗ್ಸಿದೋನ್ನ ಜನ ಕ್ಷಮಿಸ್ತಾರೆ. ತಿರುಗ್ದಿರೋ ನಾಬ್ ಮಾರ್ದೋನ್ನ ಕ್ಷಮಿಸಲ್ಲ ಕಣ್ಲಾ.” ನಿನ್ನ ಯಂತ್ರದ ಹಾಗೆ ನೀನೂ ಲೆಕ್ಕಾಚಾರದವನು. ಎಷ್ಟು ಮಾತು ಬೇಕೋ ಅಷ್ಟೇ ಬಿಟ್ಟೆ.

ನನ್ನಿಂದ ತಡೆಯಲಾಗಲಿಲ್ಲ. ಹೋದ ವಾರ ತಿಮ್ಮರಾಯಪ್ಪನನ್ನು ಕರೆದು, ಪೆಟ್ಟಿಗೆ ಬಿಚ್ಚಿ, ತಂತಿಗಳನ್ನು ತೋರಿಸಿ, ಇದ್ದದ್ದು ಇದ್ದಂತೆ ಹೇಳಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. ಜ್ವರ ಬಿದ್ದ ಹುಳುಗಳನ್ನು ನಾನು ನೋಡುವುದು ಅದೇ ನೋಟದಿಂದ.

“ಬಿಡು ಪಾಪಣ್ಣ. ಮಿಕ್ಕ ತಂತಿ ನೀನೇ ಕಿತ್ತಾಕಿದ್ರೂ ಹಿಂಗೇ ಕಾಣ್ತದೆ. ಆವಯ್ಯ ಅಷ್ಟು ದೂರದಿಂದ ಬಂದು ನಿನ್ ಮರ್ಯಾದೆ ಉಳಿಸ್ಕೊಟ್ಟು ಹೋದ. ಅಂಥೋನ್ ಮ್ಯಾಲೇ ಹಾಕ್ತೀಯಲ್ಲ?”

“ಅಂಗಲ್ಲ ಕಣೋ ತಿಮ್ಮರಾಯಪ್ಪ…”

“ನಾವೇನ್ ಹುಳ ಬ್ಯಾಡ ಅಂತೀವಾ? ತಗೊಂತೀವಿ. ಜ್ವರದ್ ದಿನ ನಾನೇ ಬತ್ತೀನಿ, ಕುಂತ್ಕೊಂತೀನಿ. ಆಯ್ತಲ್ಲ?”

ಹೀಗೆ, ನಿನ್ನ ದಯೆಯಿಂದ ವ್ಯಾಪಾರ ಮರಳಿದೆ. ಪೆಟ್ಟಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಏನು ಹೇಳಿದ್ದೀಯೋ ಅದನ್ನೇ ಮಾಡುತ್ತದೆ, ನಿನ್ನ ಮೂರನೆಯ ದಾರಿಯೇ ಒಳ್ಳೆಯ ದಾರಿ. ಜ್ವರ ಬಂದಾಗ ಮಾತ್ರ ಮೇನ್ ಸ್ವಿಚ್ ಎಳೆದು, ಇದ್ದಿಲ ಒಲೆ ಇಟ್ಟು, ಕಿಟಕಿ ತೆರೆಯುತ್ತೇನೆ. ಮೇನ್ ಸ್ವಿಚ್ಚಿಗೆ ದೀಪವಿಲ್ಲ, ಆದರೆ ಎಳೆದರೆ ನಿಲ್ಲುತ್ತದೆ.

ಇವತ್ತು ಎರಡನೇ ಜ್ವರ. ತಿಮ್ಮರಾಯಪ್ಪ ಬೆಳಿಗ್ಗೆಯೇ ಬಂದು, ಕಾಲು ತೊಳೆದು, ರೋಗ ಒಳಗೆ ಬಾರದಿರಲೆಂದು ಬಾಗಿಲಲ್ಲಿ ಹಾಕಿದ ಸುಣ್ಣದ ಪುಡಿ ತುಳಿದು, ಸ್ಟೂಲಿನ ಮೇಲೆ ಕೂತಿದ್ದಾನೆ. ನಾನು ಕಿಟಕಿ ತೆರೆದರೆ ಎದ್ದು ಹೋಗಿ ತಾನೊಮ್ಮೆ ತಳ್ಳಿ ನೋಡುತ್ತಾನೆ. ಒಲೆಗೆ ಇದ್ದಿಲು ಹಾಕಿದರೆ ಬಗ್ಗಿ ನೋಡುತ್ತಾನೆ. ಒರಟಾಗಿ ಅಲ್ಲ, ಬಹಳ ಮರ್ಯಾದೆಯಿಂದ. ಗಂಗರತ್ನ ಅವನಿಗೆ ಮಜ್ಜಿಗೆ ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ಹುಳುಗಳು ತಲೆ ಎತ್ತಿ ಕೂತಿವೆ, ಒಣಗಾಳಿ ಚೆನ್ನಾಗಿ ಬೀಸುತ್ತಿದೆ. ಈ ಸಲದ ಬೆಳೆ ಚೆನ್ನಾಗಿ ಆಗುತ್ತದೆ. ಆದರೆ ಇನ್ನು ಮುಂದೆ ಅದು ತಿಮ್ಮರಾಯಪ್ಪ ಕೂತು ಕಾದದ್ದರಿಂದ ಆದದ್ದು.

ಈಗ ಕೇಳಿದ: “ಯಾರಿಗ್ ಬರೀತಿದ್ದೀಯಾ ಪಾಪಣ್ಣ?”

“ಶಶಿಗೆ.”

“ಒಳ್ಳೆ ಮನುಷ್ಯ. ನನ್ ನಮಸ್ಕಾರ ಯೋಳು.”

ತಿಮ್ಮರಾಯಪ್ಪ ನಿನಗೆ ನಮಸ್ಕಾರ ಹೇಳಿದ್ದಾನೆ. ಈ ಕಾಗದದಲ್ಲಿರುವ ನಮಸ್ಕಾರ ಅದೊಂದೇ.

ಪಾಪಯ್ಯ